ಕೈ ಉಳಿಸಿಕೊಂಡ ಹ್ಯಾಂಕಿ, ತಲೆ ಉಳಿಸಿಕೊಂಡ ಕರ್ಚೀಫು

(ನಮ್ಮ ಊರಿನ ಗ್ರಂಥಾಲಯದಲ್ಲಿ ಓದುಗರ ಮುಂದೆ ಆಡಿದ ಮಾತುಗಳನ್ನು, ಅಂದು ಬರಲಾಗದವರು ಕೇಳಿದ್ದರಿಂದ, ಬರಹಕ್ಕೆ ಇಳಿಸಿದ್ದೇನೆ. ಕೆಲವು ಕಡೆ ಹಿಗ್ಗಿಸಿದ್ದೇನೆ, ಕೆಲವು ಕಡೆ ಕುಗ್ಗಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತಿಗೆ ಕಾರಣಳಾದವಳು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಏಳನೆಯ ತರಗತಿಯ ಹುಡುಗಿ, ನಮ್ಮ ಬೀದಿಯವಳು. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಈಗಲೂ ಸಂಜೆಯ ಹೊತ್ತು ಅಕ್ಕಪಕ್ಕದ ಮಕ್ಕಳು ಪುಸ್ತಕ ಹಿಡಿದು ಬರುತ್ತಾರೆ. ಅವತ್ತು ಈಕೆ ತಂದದ್ದು ಪುಸ್ತಕವನ್ನಲ್ಲ, ಉತ್ತರ ಪತ್ರಿಕೆಯನ್ನು. ಹುಟ್ಟುಹಬ್ಬಕ್ಕೆ ಉಡುಗೊರೆ ಕಳಿಸಿದ ಸೋದರತ್ತೆಗೆ ಪತ್ರ ಬರೆಯಿರಿ ಎಂಬುದು ಪ್ರಶ್ನೆ. ನೀವು ಕಳಿಸಿದ ಮೂರು ಹ್ಯಾಂಕಿಗಳು ನನಗೆ ಬಹಳ ಇಷ್ಟವಾದವು, ಮೂಲೆಯಲ್ಲಿ ನನ್ನ ಹೆಸರಿನ ಮೊದಲ ಅಕ್ಷರದ ಕಸೂತಿ ಎಷ್ಟು ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಳು. ಹ್ಯಾಂಕಿ ಎಂಬ ಪದದ ಸುತ್ತ ಕೆಂಪು ಶಾಯಿಯ ವೃತ್ತವಿತ್ತು. ಅರ್ಧ ಅಂಕ ಹೋಗಿತ್ತು. ಪಕ್ಕದಲ್ಲಿ ಹ್ಯಾಂಡ್‌ಕರ್ಚೀಫ್ ಎಂದು ತಿದ್ದಿ ಬರೆದಿದ್ದರು.

“ಮಿಸ್, ಹ್ಯಾಂಕಿ ಎಂಬುದು ತಪ್ಪು ಪದವೇ?” ಎಂದು ಕೇಳಿದಳು. ಅಲ್ಲ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಯಾಕೆ ಅಲ್ಲ ಎಂದು ಹೇಳಹೊರಟಾಗ ಈ ಪುಟ್ಟ ಬಟ್ಟೆಯ ಹಿಂದೆ ಎಷ್ಟೊಂದು ಸಂಗತಿಗಳಿವೆ ಎಂದು ನನಗೇ ಬೆರಗಾಯಿತು. ನಿಮ್ಮ ಜೊತೆ ಹಂಚಿಕೊಳ್ಳಬೇಕೆಂದು ಬಂದಿರುವುದು ಆ ಬೆರಗನ್ನೇ.

ಮೊದಲು ಉದ್ದನೆಯ ಪದವನ್ನು ಬಿಡಿಸೋಣ. ಹ್ಯಾಂಡ್ ಎಂದರೆ ಕೈ, ಅದು ಗೊತ್ತು. ಕರ್ಚೀಫ್ ಎಂದರೇನು? 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಇಂಗ್ಲಿಷಿನೊಳಗೆ ಹೊಳೆಯಂತೆ ಹರಿದು ಬಂದವು. ಅವುಗಳಲ್ಲಿ ಒಂದು ಕೂವ್ರ್‌ಶೆಫ್. ಕೂವ್ರ್ ಎಂದರೆ ಮುಚ್ಚುವುದು, ಶೆಫ್ ಎಂದರೆ ತಲೆ. ತಲೆ ಮುಚ್ಚುವ ಬಟ್ಟೆ, ಹೆಂಗಸರ ತಲೆವಸ್ತ್ರ. ಇಂಗ್ಲಿಷರ ಬಾಯಲ್ಲಿ ಅದು ಸವೆದು ಕರ್ಚೀಫ್ ಆಯಿತು. ಹಳೆಯ ಫ್ರೆಂಚಿನಲ್ಲಿ ತಲೆ ಎಂಬ ಅರ್ಥವಿದ್ದ ಆ ಪದವೇ ಇಂಗ್ಲಿಷಿನಲ್ಲಿ ಚೀಫ್ ಆಗಿ ಕುಳಿತಿದೆ. ಚೀಫ್ ಮಿನಿಸ್ಟರ್ ಎನ್ನುವಾಗ ಇಂಗ್ಲಿಷಿನವರು ತಲೆಯನ್ನು ನೆನೆಯುತ್ತಾರೆ, ಮುಖ್ಯಮಂತ್ರಿ ಎನ್ನುವಾಗ ನಾವು ಮುಖವನ್ನು ನೆನೆಯುತ್ತೇವೆ.

ಇನ್ನೊಂದು ಮಾತು. ಕರ್ಫ್ಯೂ ಎಂಬ ಪದ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಅದು ಕೂವ್ರ್‌ಫ್ಯೂ, ಬೆಂಕಿ ಮುಚ್ಚು ಎಂದರ್ಥ. ರಾತ್ರಿ ಗಂಟೆ ಬಾರಿಸಿದ ಕೂಡಲೇ ಮನೆಮನೆಯವರು ಒಲೆಯ ಬೆಂಕಿಯನ್ನು ಬೂದಿ ಮುಚ್ಚಿ ಮಲಗಬೇಕಿತ್ತು. ಕರ್ಫ್ಯೂವಿನ ‘ಕರ್’, ಕರ್ಚೀಫಿನ ‘ಕರ್’ ಒಂದೇ ತಾಯಿಯ ಮಕ್ಕಳು. ಒಂದು ಬೆಂಕಿಯನ್ನು ಮುಚ್ಚಿತು, ಇನ್ನೊಂದು ತಲೆಯನ್ನು ಮುಚ್ಚಿತು.

ಆ ತಲೆವಸ್ತ್ರದಂಥದೇ ಬಟ್ಟೆಯನ್ನು ಜನ ಕೈಯಲ್ಲಿ ಹಿಡಿಯತೊಡಗಿದಾಗ ಹೊಸ ಹೆಸರು ಬೇಕಾಯಿತು. 16ನೆಯ ಶತಮಾನದಲ್ಲಿ ಹ್ಯಾಂಡ್ ಸೇರಿಸಿ ಹ್ಯಾಂಡ್‌ಕರ್ಚೀಫ್ ಎಂದರು. ಅಕ್ಷರಶಃ ನೋಡಿದರೆ ‘ಕೈಯ ತಲೆಮುಚ್ಚುಗೆ’. ಮುಂದೆ ಅದನ್ನು ಜೇಬಿಗೆ ಸೇರಿಸಿದರು. ಪಾಕೆಟ್ ಹ್ಯಾಂಡ್‌ಕರ್ಚೀಫ್ ಎಂದಾಯಿತು. ಜೇಬು, ಕೈ, ಮುಚ್ಚು, ತಲೆ: ಮೂಗೊರೆಸುವ ಒಂದು ತುಂಡು ಬಟ್ಟೆಗೆ ನಾಲ್ಕು ಪದಗಳ ಹೊರೆ. ಆಡುವ ಬಾಯಿ ಇಷ್ಟು ಹೊರೆಯನ್ನು ಎಷ್ಟು ದಿನ ಹೊತ್ತೀತು?

ಹೊರೆಯನ್ನು ಇಳಿಸುವ ಕೆಲಸ ಮೊದಲು ಉಚ್ಚಾರಣೆಯಲ್ಲಿ ನಡೆಯಿತು. ಇಂಗ್ಲಿಷ್ ಮನೆಮಾತಿನವರು ಈ ಪದದಲ್ಲಿ ಡ ಕಾರವನ್ನು ಹೇಳುವುದೇ ಇಲ್ಲ. ಡ ಕಾರ ಬಿದ್ದುಹೋದ ಮೇಲೆ ನ ಕಾರದ ಮುಂದೆ ನೇರವಾಗಿ ಕ ಕಾರ ಬಂತು. ಕ ಕಾರದ ಹಿಂದಿನ ಅನುನಾಸಿಕ ಏನಾಗುತ್ತದೆ ಎಂದು ಕನ್ನಡ ಓದಬಲ್ಲ ಮಗುವಿಗೂ ಗೊತ್ತು: ಅಂಕ, ಶಂಕೆ, ಡೊಂಕು ಎನ್ನುವಾಗ ನಾಲಿಗೆಯ ಹಿಂಭಾಗ ಮೇಲಕ್ಕೆದ್ದು ಙ ಕಾರವನ್ನು ನುಡಿಯುತ್ತದೆ. ಅಲ್ಲಿಯೂ ಅದೇ ಆಯಿತು. ಅವರು ನುಡಿಯುವುದು ‘ಹ್ಯಾಂಕಚಿಫ್’ ಎಂಬುದಕ್ಕೆ ಹತ್ತಿರವಾಗಿ. ಕೊನೆಯಲ್ಲಿ ದೀರ್ಘವೂ ಬಹಳ ಮಂದಿಯ ಬಾಯಲ್ಲಿಲ್ಲ, ಚಿಫ್ ಎಂದು ಗಿಡ್ಡವಾಗಿ ಮುಗಿಸುತ್ತಾರೆ. ನಾವು ಬರಹವನ್ನು ನೋಡಿ ಕಲಿತವರಾದ್ದರಿಂದ ಡ ಕಾರವನ್ನೂ ಒತ್ತಿ, ಚೀಫನ್ನೂ ಎಳೆದು ಹೇಳುತ್ತೇವೆ. ಹ್ಯಾಂಕಿ ಎಂದು ಕನ್ನಡದಲ್ಲಿ ಬರೆದು ಓದಿ ನೋಡಿ. ಸೊನ್ನೆ ಇಟ್ಟರೆ ಸಾಕು, ಸರಿಯಾದ ಧ್ವನಿ ತಾನಾಗಿ ಬರುತ್ತದೆ.

ಇನ್ನು ಕೊನೆಯ ‘ಇ’ಕಾರ. ಉದ್ದದ ಪದದ ಬಾಲವನ್ನು ಕತ್ತರಿಸಿ, ಉಳಿದ ಮೊಂಡು ತುದಿಗೆ ‘ಇ’ ಹಚ್ಚುವುದು ಇಂಗ್ಲಿಷಿನವರು ಪ್ರೀತಿಗೆ, ಸಲಿಗೆಗೆ, ಮಕ್ಕಳ ಮಾತಿಗೆ ಮಾಡುವ ಕೆಲಸ. ಸ್ಕಾಟ್ಲೆಂಡಿನ ಜನ ಹೆಸರು ಕರೆಯುವ ಬಗೆಯಲ್ಲಿ ಇದು ಮೊದಲು ಬೇರು ಬಿಟ್ಟಿತು. ಟೆಲಿವಿಷನ್ ಟೆಲ್ಲಿ ಆಗುತ್ತದೆ, ಆಸ್ಟ್ರೇಲಿಯಾದವರ ಬಾಯಲ್ಲಿ ಸೊಳ್ಳೆಯಾದ ಮಾಸ್ಕಿಟೊ ಮೊಜ್ಜಿ ಆಗುತ್ತದೆ, ಬ್ರೇಕ್‌ಫಾಸ್ಟ್ ಬ್ರೆಕ್ಕಿ ಆಗುತ್ತದೆ. ಇದು ನಮಗೆ ಹೊಸದೇನಲ್ಲ. ನಾರಾಯಣನನ್ನು ನಾಣಿ ಮಾಡಿದವರು ನಾವು. ವೆಂಕಟೇಶ ನಮ್ಮ ಮನೆಗಳಲ್ಲಿ ವೆಂಕಿಯಾದ, ಪದ್ಮ ಪದ್ದಿಯಾದಳು, ಕೃಷ್ಣ ಕಿಟ್ಟಿಯಾದ. ಹ್ಯಾಂಡ್‌ಕರ್ಚೀಫು ಹ್ಯಾಂಕಿಯಾದದ್ದು ನಾರಾಯಣ ನಾಣಿಯಾದ ದಾರಿಯಲ್ಲೇ. ನಾಣಿ ಎಂಬುದು ತಪ್ಪು ಹೆಸರೇ? ಶಾಲೆಯ ಹಾಜರಿ ಪುಸ್ತಕದಲ್ಲಿ ನಾರಾಯಣ ಎಂದಿರಬೇಕು, ಊಟಕ್ಕೆ ಕರೆಯುವಾಗ ನಾಣಿ ಎಂದಿರಬೇಕು. ಊಟಕ್ಕೆ ಕರೆಯುವ ತಾಯಿಯನ್ನು ಯಾರೂ ತಿದ್ದುವುದಿಲ್ಲ.

19ನೆಯ ಶತಮಾನದ ಕೊನೆಯ ಹೊತ್ತಿಗೆ ಹ್ಯಾಂಕಿ ಅಚ್ಚಿನಲ್ಲಿ ಕಾಣತೊಡಗುತ್ತದೆ. ಕೊನೆಯಲ್ಲಿ ವೈ ಬರೆದರೂ ಸರಿ, ಐ ಮತ್ತು ಇ ಬರೆದರೂ ಸರಿ, ಎರಡನ್ನೂ ನಿಘಂಟುಗಳು ಒಪ್ಪುತ್ತವೆ. ಬಹುವಚನ ಮಾತ್ರ ಎರಡಕ್ಕೂ ಒಂದೇ. ಹ್ಯಾಂಕಿ ಪ್ಯಾಂಕಿ ಎಂಬ ಜೋಡಿಪದಕ್ಕೂ ಇದಕ್ಕೂ ಏನು ಸಂಬಂಧ ಎಂದು ಹಿಂದೆ ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದರು. ಸಂಬಂಧವಿಲ್ಲ. ಮೋಸ, ಕಣ್ಕಟ್ಟು ಎಂಬ ಅರ್ಥದ ಆ ಜೋಡಿಪದ 1840ರ ದಶಕದಲ್ಲೇ ಬಳಕೆಯಲ್ಲಿತ್ತು, ಕರವಸ್ತ್ರದ ಹ್ಯಾಂಕಿಗಿಂತ ಹಿರಿಯದು. ಜಾದೂಗಾರರ ಹೋಕಸ್ ಪೋಕಸ್ ಎಂಬ ಮಂತ್ರದ ನೆರಳು ಅದರ ಮೇಲೆ ಬಿದ್ದಿರಬಹುದು ಎನ್ನುತ್ತಾರೆ ಬಲ್ಲವರು.

ಈಗ ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಉದ್ದವಾದ ಪದ ಸಿಕ್ಕಾಗ ಇಂಗ್ಲಿಷಿನವರು ಮುಂಭಾಗವನ್ನು ಉಳಿಸಿಕೊಂಡು ಹಿಂಭಾಗವನ್ನು ಎಸೆದರು. ಅವರ ಹ್ಯಾಂಕಿಯಲ್ಲಿ ಕೈ ಉಳಿಯಿತು, ತಲೆ ಹೋಯಿತು. ಅದೇ ಪದ ಕನ್ನಡಿಗರ ಕೈಗೆ ಬಂದಾಗ ನಾವು ಮುಂಭಾಗವನ್ನು ಎಸೆದು ಹಿಂಭಾಗವನ್ನು ಇಟ್ಟುಕೊಂಡೆವು. ಕರ್ಚೀಫು! ಕೈ ಹೋಯಿತು, ತಲೆ ಉಳಿಯಿತು. ಇವತ್ತು ಲಂಡನ್ನಿನ ಅಂಗಡಿಯಲ್ಲಿ ಬರೀ ಕರ್ಚೀಫ್ ಎಂದು ಕೇಳಿದರೆ ತಲೆಗೆ ಕಟ್ಟುವ ಬಟ್ಟೆಯನ್ನು ತೋರಿಸಿಯಾರು. ಮೂಗೊರೆಸುವ ಬಟ್ಟೆಗೆ ನಾವು ತಲೆವಸ್ತ್ರದ ಹೆಸರಿಟ್ಟುಕೊಂಡು ನಿಶ್ಚಿಂತೆಯಿಂದ ಇದ್ದೇವೆ.

ನಿಶ್ಚಿಂತೆಗೆ ಒಂದು ಕಾರಣವಿದೆ ಎಂದು ನನ್ನ ಊಹೆ. ಕರ್ಚೀಫಿನ ಮೊದಲ ಎರಡು ಧ್ವನಿಗಳಲ್ಲಿ ಕನ್ನಡದ ಕಿವಿಗೆ ‘ಕರ’ ಕೇಳುತ್ತದೆ. ಕರ ಎಂದರೆ ಕೈ. ಕರವಸ್ತ್ರ ಎಂಬ ಪದ ಪಕ್ಕದಲ್ಲೇ ಇದೆ. ಹಾಗಾಗಿ ಕರ್ಚೀಫು ಪರದೇಶದ್ದು ಎಂದು ಅನಿಸುವುದೇ ಇಲ್ಲ. ಎರಡಕ್ಕೂ ರಕ್ತಸಂಬಂಧವಿಲ್ಲ, ಸಾಮ್ಯ ಆಕಸ್ಮಿಕ. ಆದರೆ ಆಕಸ್ಮಿಕಗಳೂ ಪದಗಳನ್ನು ಸಾಕುತ್ತವೆ.

ಇದಕ್ಕಿಂತ ಸೊಗಸಾದ ತಿರುವು ರುಮಾಲಿನದು. ಪಾರಸಿಯಲ್ಲಿ ರೂ ಎಂದರೆ ಮುಖ, ಮಾಲ್ ಎಂದರೆ ಉಜ್ಜುವ, ಒರೆಸುವ. ನಾವು ಮಾಲೀಶು ಎನ್ನುತ್ತೇವಲ್ಲ, ಅದರದ್ದೂ ಇದೇ ಧಾತು. ರುಮಾಲು ಎಂದರೆ ಮುಖ ಒರೆಸುವ ಬಟ್ಟೆ. ಹಿಂದಿಯಲ್ಲಿ ಇವತ್ತಿಗೂ ಕರವಸ್ತ್ರವೇ. ಆದರೆ ಕನ್ನಡದಲ್ಲಿ ರುಮಾಲು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದೇನು? ತಲೆಗೆ ಸುತ್ತಿದ ಬಟ್ಟೆ. ಜಾತ್ರೆಯಲ್ಲಿ ಹೊಸ ರುಮಾಲು ಸುತ್ತಿ ನಿಂತ ಹಿರಿಯರು. ಮುಖ ಒರೆಸುವ ಪದ ನಮ್ಮಲ್ಲಿ ತಲೆಯನ್ನು ಏರಿತು. ತಲೆ ಮುಚ್ಚುವ ಫ್ರೆಂಚ್ ಪದ ನಮ್ಮಲ್ಲಿ ಮೂಗಿಗೆ ಇಳಿಯಿತು. ಎರಡು ಪರದೇಶಿ ಪದಗಳು ಕನ್ನಡದ ಮೆಟ್ಟಿಲ ಮೇಲೆ ಒಂದನ್ನೊಂದು ದಾಟಿ ಹೋದವು.

ನೆರೆಹೊರೆಯವರು ಈ ಗೊಂದಲವನ್ನು ಹೇಗೆ ಬಗೆಹರಿಸಿಕೊಂಡರು ಎಂದು ನೋಡಿ. ಮರಾಠಿಯವರು ಹಾತ್‌ರುಮಾಲ್ ಎಂದರು. ತೆಲುಗಿನವರು ಚೇತಿ ರುಮಾಲು ಎಂದರು. ಎರಡರ ಅರ್ಥವೂ ಕೈಯ ರುಮಾಲು. ಹ್ಯಾಂಡ್ ಸೇರಿಸಿ ಇಂಗ್ಲಿಷಿನವರು ಮಾಡಿದ ಕೆಲಸವನ್ನೇ, ಅವರನ್ನು ಕೇಳದೆ, ಇವರೂ ಮಾಡಿದರು. ತಮಿಳರದು ಕೈಕ್ಕುಟ್ಟೈ, ಅಲ್ಲಿಯೂ ಕೈಯೇ. ಮಲಯಾಳಿಗಳು ಕೈಲೇಸ್ ಎನ್ನುತ್ತಾರೆ: ಮೊದಲರ್ಧ ತಮ್ಮದೇ ಕೈ, ಉಳಿದರ್ಧ ಪೋರ್ಚುಗೀಸರ ಲೆನ್ಸು. ನಮ್ಮ ಕಲಬುರಗಿ, ಬೀದರ್ ಕಡೆಯ ಮನೆಗಳಲ್ಲಿ ದಸ್ತಿ ಎಂಬ ಮಾತಿದೆ. ಹೈದರಾಬಾದಿನ ದಖನಿಯಲ್ಲೂ ಅದೇ. ಪಾರಸಿಯ ದಸ್ತ್ ಎಂದರೆ ಕೈ. ಪೊಲೀಸರು ಕಳ್ಳನನ್ನು ದಸ್ತಗಿರಿ ಮಾಡಿದರು ಎಂದು ಓದುತ್ತೇವಲ್ಲ, ಅದು ‘ಕೈ ಹಿಡಿಯುವುದು’. ದಸ್ತ್‌ಗೆ ಇ ಸೇರಿದರೆ ದಸ್ತಿ: ಕೈಯದು, ಅಷ್ಟೇ. ವ್ಯಾಕರಣದ ದಾರಿ ಬೇರೆಯಾದರೂ ಹ್ಯಾಂಕಿಗೆ ಇಷ್ಟು ಹತ್ತಿರದ ಪದ ನಮ್ಮ ನಾಡಿನಲ್ಲೇ ಇದೆ ಎಂದು ತಿಳಿದ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಇಲ್ಲಿಂದ ಹೋದ ಪದವೂ ಒಂದಿದೆ. ಬಂಡಾನ ಎಂದು ಇಂಗ್ಲಿಷಿನಲ್ಲಿ ಕರೆಯುವ ದೊಡ್ಡ ಬಣ್ಣದ ಕರವಸ್ತ್ರದ ಹೆಸರು ಹಿಂದಿಯ ಬಾಂಧನೂವಿನಿಂದ ಬಂದದ್ದು. ಬಟ್ಟೆಯನ್ನು ಅಲ್ಲಲ್ಲಿ ದಾರದಿಂದ ಬಿಗಿದು ಬಣ್ಣದಲ್ಲಿ ಅದ್ದುವ ಕೆಲಸವದು. ಬಿಗಿದ ಜಾಗ ಬಿಳಿಯ ಚುಕ್ಕೆಯಾಗಿ ಉಳಿಯುತ್ತದೆ. ನಮ್ಮ ಬಂಧನ ಅದರ ಹತ್ತಿರದ ನೆಂಟ. 18ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬಂಗಾಳದ ರೇಷ್ಮೆಯ ಇಂಥ ಕರವಸ್ತ್ರಗಳು ಇಂಗ್ಲೆಂಡಿಗೆ ಹೋದವು. ಅಲ್ಲಿನ ಗಂಡಸರಿಗೆ ಆಗ ನಶ್ಯದ ಚಟ. ಬಿಳಿಯ ಬಟ್ಟೆಯ ಮೇಲೆ ನಶ್ಯದ ಕಲೆ ಎದ್ದು ಕಾಣುತ್ತದೆ, ಕೆಂಪು ನೀಲಿಯ ಮೇಲೆ ಅಡಗುತ್ತದೆ. ನನ್ನ ಅಜ್ಜನ ಕರವಸ್ತ್ರವೂ ಗಾಢ ಕಂದು ಬಣ್ಣದ್ದೇ ಆಗಿತ್ತು. ಅಜ್ಜಿ ಅದನ್ನು ಉಳಿದ ಬಟ್ಟೆಗಳ ಜೊತೆ ಎಂದೂ ನೆನೆಸುತ್ತಿರಲಿಲ್ಲ. ಬೇರೆ ಬಕೆಟ್ಟು, ಬೇರೆ ಸಾಬೂನಿನ ಚೂರು. ಒಣಗಿದ ಮೇಲೂ ಮಡಿಕೆಯಲ್ಲಿ ನಶ್ಯದ ಘಾಟು ಉಳಿದಿರುತ್ತಿತ್ತು.

ಇಷ್ಟು ಅರ್ಥದ ಮಾತಾಯಿತು. ಬಳಕೆಯ ಮಾತೇ ಹೆಚ್ಚು ಮುಖ್ಯ, ಏಕೆಂದರೆ ಅರ್ಧ ಅಂಕ ಹೋದದ್ದು ಅಲ್ಲಿ.

ಹ್ಯಾಂಕಿಗೂ ಹ್ಯಾಂಡ್‌ಕರ್ಚೀಫಿಗೂ ವಸ್ತು ಒಂದೇ, ಸಂದರ್ಭ ಬೇರೆ. ನೆಗಡಿಯಾದ ಮಗುವಿಗೆ ತಾಯಿ ಕೊಡುವುದು ಹ್ಯಾಂಕಿ. ಸಿನಿಮಾ ನೋಡುತ್ತಾ ಕಣ್ಣು ತುಂಬಿದಾಗ ಗೆಳತಿಯಿಂದ ಕೇಳಿ ಪಡೆಯುವುದು ಹ್ಯಾಂಕಿ. ಪೊಲೀಸರ ಮಹಜರಿನಲ್ಲಿ, ನ್ಯಾಯಾಲಯದಲ್ಲಿ, ಕಚೇರಿಯ ಪತ್ರದಲ್ಲಿ ಬರುವುದು ಹ್ಯಾಂಡ್‌ಕರ್ಚೀಫ್. ಬ್ರಿಟನ್ನಿನಲ್ಲಿ, ಆಸ್ಟ್ರೇಲಿಯಾದಲ್ಲಿ ದೊಡ್ಡವರೂ ಸಂಕೋಚವಿಲ್ಲದೆ ಹ್ಯಾಂಕಿ ಎನ್ನುತ್ತಾರೆ. ಒರೆಸಿ ಎಸೆಯುವ ಕಾಗದಕ್ಕೂ ಬ್ರಿಟನ್ನಿನಲ್ಲಿ ಪೇಪರ್ ಹ್ಯಾಂಕಿ ಎಂಬ ಹೆಸರಿದೆ. ಅಮೆರಿಕದಲ್ಲಿ ಅದಕ್ಕೆ ಟಿಶ್ಯೂ ಎನ್ನುತ್ತಾರೆ. ಅಲ್ಲಿ 1924ರಲ್ಲಿ ಮುಖದ ಕೋಲ್ಡ್ ಕ್ರೀಮ್ ಒರೆಸಲೆಂದು ಮಾರುಕಟ್ಟೆಗೆ ಬಂದ ಕ್ಲೀನೆಕ್ಸ್ ಕಾಗದವನ್ನು ಜನ ಮೂಗಿಗೆ ಬಳಸತೊಡಗಿದರು. ಕಂಪನಿಯೂ 1930ರ ಹೊತ್ತಿಗೆ ಜಾಹೀರಾತನ್ನು ಆ ಕಡೆಗೇ ತಿರುಗಿಸಿತು. ಬಟ್ಟೆಯ ಹ್ಯಾಂಕಿ ಹಿಂದೆ ಸರಿದದ್ದು ಹೀಗೆ. ಆದರೂ ಪದ ಸಾಯಲಿಲ್ಲ. 1987ರಲ್ಲಿ ಮಿನೆಸೋಟ ರಾಜ್ಯದ ಬೇಸ್‌ಬಾಲ್ ತಂಡ ಮೊದಲ ಬಾರಿ ಆ ಆಟದ ಅಗ್ರ ಪ್ರಶಸ್ತಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಪ್ರೇಕ್ಷಕರೆಲ್ಲ ಬಿಳಿಯ ಕರವಸ್ತ್ರ ಬೀಸಿದರು. ಸ್ಥಳೀಯ ಪತ್ರಿಕೆಯೊಂದು ಹಂಚಿದ ಆ ಬಟ್ಟೆಯ ಹೆಸರು ಹೋಮರ್ ಹ್ಯಾಂಕಿ. ಅಲ್ಲಿ ಉದ್ದನೆಯ ಪದವನ್ನಿಟ್ಟು ಹೇಳಿ ನೋಡಿ. ಬಾಯಿಗೂ ಬರುವುದಿಲ್ಲ, ಕುಣಿಯುವುದಕ್ಕೂ ಆಗುವುದಿಲ್ಲ.

ನಮ್ಮಲ್ಲಿಯೂ ಈ ಎರಡು ಅಂತಸ್ತು ಇದ್ದೇ ಇದೆ. ಆಮಂತ್ರಣ ಪತ್ರಿಕೆಯಲ್ಲಿ ಭೋಜನ, ಮನೆಯಲ್ಲಿ ಊಟ. ಬರವಣಿಗೆಯಲ್ಲಿ ಕರವಸ್ತ್ರ, ಬಾಯಲ್ಲಿ ಕರ್ಚೀಫು. ಕಿಟಕಿಯಿಂದ ಕೈ ತೂರಿಸಿ ಬಸ್ಸಿನ ಸೀಟಿನ ಮೇಲೆ ಹಾಕುವುದು ಕರ್ಚೀಫನ್ನೇ. ಅಲ್ಲಿ ಕರವಸ್ತ್ರ ಹಾಕಿದರೆ ಸೀಟು ಸಿಗಲಾರದು ಎನಿಸುತ್ತದೆ.

ಪದದ ಅಂತಸ್ತನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿಜವಾದ ಪ್ರಸಂಗ ಹೇಳುತ್ತೇನೆ. ಶೇಕ್ಸ್‌ಪಿಯರನ ಒಥೆಲೋ ನಾಟಕ ನಿಂತಿರುವುದೇ ಒಂದು ಕರವಸ್ತ್ರದ ಮೇಲೆ. ಸ್ಟ್ರಾಬೆರಿ ಹಣ್ಣುಗಳ ಕಸೂತಿಯ ಕರವಸ್ತ್ರ. ಗಂಡ ತಲೆನೋವು ಎಂದಾಗ ಡೆಸ್ಡಿಮೋನ ಅದನ್ನು ಅವನ ಹಣೆಗೆ ಕಟ್ಟಲು ಹೋಗುತ್ತಾಳೆ. ಅವನು ಇದು ಚಿಕ್ಕದಾಯಿತು ಎಂದು ಸರಿಸುತ್ತಾನೆ, ಅದು ನೆಲಕ್ಕೆ ಬೀಳುತ್ತದೆ. ಆಕೆಯ ಸಖಿ ಎಮಿಲಿಯಾ ಎತ್ತಿಕೊಂಡು ತನ್ನ ಗಂಡ, ಒಥೆಲೋವಿಗೆ ಕೇಡು ಬಗೆಯುವ ಇಯಾಗೋವಿಗೆ ಕೊಡುತ್ತಾಳೆ. ಅಲ್ಲಿಂದಾಚೆಗೆ ಅನಾಹುತ. ಹಣೆಗೆ ಕಟ್ಟಲು ಹೋದ ಆ ಒಂದು ಗಳಿಗೆ ಕರ್ಚೀಫು ತನ್ನ ತವರಾದ ತಲೆಯ ಹತ್ತಿರ ಹೋಗಿ ಬಂದಂತೆ ನನಗೆ ಕಾಣುತ್ತದೆ.

ಈ ನಾಟಕ ಫ್ರಾನ್ಸಿಗೆ ಹೋದಾಗ ತೊಡಕಾಯಿತು. ಫ್ರೆಂಚಿನಲ್ಲಿ ಕರವಸ್ತ್ರಕ್ಕೆ ಮುಷ್ವಾರ್ ಎನ್ನುತ್ತಾರೆ, ಸಿಂಬಳ ತೆಗೆಯುವ ಕ್ರಿಯೆಯಿಂದಲೇ ಹುಟ್ಟಿದ ಪದ. ಗಂಭೀರ ದುರಂತ ನಾಟಕದಲ್ಲಿ ರಾಜರಂತೆ ಮಾತಾಡುವ ಪಾತ್ರಗಳು ಇಂಥ ಪದವನ್ನು ಆಡುವುದೇ? 1792ರಲ್ಲಿ ಡ್ಯೂಸಿ ಎಂಬ ಕವಿ ಕರವಸ್ತ್ರವನ್ನೇ ತೆಗೆದುಹಾಕಿ ಅದರ ಜಾಗದಲ್ಲಿ ವಜ್ರದ ಹಣೆಪಟ್ಟಿಯನ್ನಿಟ್ಟ. ಮೂವತ್ತೇಳು ವರ್ಷ ಕಳೆದ ಮೇಲೆ, 1829ರಲ್ಲಿ, ವಿನ್ಯಿ ಎಂಬ ಕವಿ ಧೈರ್ಯ ಮಾಡಿ ಪ್ಯಾರಿಸ್ಸಿನ ದೊಡ್ಡ ರಂಗಮಂದಿರದಲ್ಲಿ ಮುಷ್ವಾರ್ ಎಂದೇ ಹೇಳಿಸಿದ. ಸಭೆಯಲ್ಲಿ ಗದ್ದಲವೆದ್ದಿತು. ಒಂದು ಪದಕ್ಕೆ! ಆ ಪ್ರೇಕ್ಷಕರ ಮನೆಗಳಲ್ಲಿ ಡಜನ್‌ಗಟ್ಟಲೆ ಮುಷ್ವಾರ್‌ಗಳಿದ್ದವು. ಮನೆಯ ಪದ ಅಚ್ಚುಕಟ್ಟಾದ ಜಾಗಕ್ಕೆ ಬಂದದ್ದೇ ಅವರಿಗೆ ಅಪರಾಧವಾಗಿ ಕಂಡಿತು. ನನ್ನ ಹುಡುಗಿಯ ಉತ್ತರ ಪತ್ರಿಕೆಯ ಮೇಲಿನ ಕೆಂಪು ವೃತ್ತವನ್ನು ನೋಡಿದಾಗ ನನಗೆ ನೆನಪಾದದ್ದು ಈ ಗದ್ದಲ.

ಆಕೆ ಬರೆದದ್ದು ಯಾರಿಗೆ? ಸೋದರತ್ತೆಗೆ. ಬರೆದದ್ದು ಯಾಕೆ? ಪ್ರೀತಿಯಿಂದ ಕಳಿಸಿದ ಉಡುಗೊರೆಗೆ ಪ್ರೀತಿ ತಿಳಿಸಲು. ಅಂಥ ಪತ್ರದಲ್ಲಿ ಹ್ಯಾಂಕಿಯೇ ಸರಿಯಾದ ಪದ. ಅದೇ ಹುಡುಗಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆಯುವಾಗ ಆ ಪದ ಬಳಸಿದ್ದರೆ ನಾನೂ ಕೆಂಪು ಶಾಯಿ ಎತ್ತಿಕೊಳ್ಳುತ್ತಿದ್ದೆ. ತಿದ್ದಿದವರ ಮೇಲೆ ನನಗೆ ಸಿಟ್ಟಿಲ್ಲ. ಐವತ್ತು ಅರವತ್ತು ಪತ್ರಿಕೆಗಳನ್ನು ರಾತ್ರಿ ಕುಳಿತು ತಿದ್ದುವ ದಣಿವು ನನಗೆ ಗೊತ್ತು. ಆದರೆ ನಮ್ಮಲ್ಲಿ ಇಂಗ್ಲಿಷ್ ಪಾಠಗಳು ಅಂಗಿಯ ಮೇಲಿನ ಗುಂಡಿಯವರೆಗೂ ಬಿಗಿದ ಭಾಷೆಯನ್ನಷ್ಟೇ ಕಲಿಸುತ್ತವೆ ಎಂಬುದು ನನ್ನ ಬಹುಕಾಲದ ನೋವು. ಎಲ್‌ಕೆಜಿಯ ಮೊದಲ ದಿನ ಅಂಗಿಯ ಎಡಗಡೆ ಪಿನ್ನು ಚುಚ್ಚಿ ಕರವಸ್ತ್ರ ತೂಗಿಬಿಟ್ಟು ಕಳಿಸುತ್ತೇವೆ. ಮಗು ಅಲ್ಲಿ ಕಲಿಯುವ ಮೊದಮೊದಲ ಇಂಗ್ಲಿಷ್ ಪದಗಳಲ್ಲಿ ಹ್ಯಾಂಕಿಯೂ ಒಂದು. ಏಳನೆಯ ತರಗತಿಗೆ ಬರುವಷ್ಟರಲ್ಲಿ ಅದೇ ಪದಕ್ಕೆ ಅಂಕ ಕಳೆಯುತ್ತೇವೆ. ಇದು ನ್ಯಾಯವಲ್ಲ.

ಮಾತು ಮುಗಿಸಿ ಪ್ರಶ್ನೆಗಳಿಗೆ ಬಿಟ್ಟಾಗ ಮೊದಲು ಎದ್ದು ನಿಂತವಳು ಆ ಹುಡುಗಿಯೇ. “ಮಿಸ್, ‘ಟೋಪಿ ಬೇಕೇ ಟೋಪಿ’ ಆಟದಲ್ಲಿ ನಾವು ಕರ್ಚೀಫನ್ನು ಟೋಪಿ ಎಂದು ಕರೆಯುತ್ತೇವಲ್ಲ, ಅದಕ್ಕೂ ಇದೇ ಕಾರಣವೇ?” ಎಂದು ಕೇಳಿದಳು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕಾರಣ ಅದಲ್ಲ ಎಂದು ಹೇಳಬೇಕಾಯಿತು. ನಮ್ಮ ಕಾಲದಲ್ಲೂ ಆಟಕ್ಕೆ ಟೋಪಿ ಎಲ್ಲಿಂದ ತರುವುದು. ಯಾರದಾದರೂ ಕರ್ಚೀಫಿಗೆ ಗಂಟು ಹಾಕಿ ಅದನ್ನೇ ಟೋಪಿ ಮಾಡಿಕೊಳ್ಳುತ್ತಿದ್ದೆವು. ವೃತ್ತವಾಗಿ ಕುಳಿತು, ಕಣ್ಣು ಮುಂದಿಟ್ಟು, ಬೆನ್ನ ಹಿಂದೆ ಓಡುವ ಕಾಲುಗಳ ಸದ್ದು ಕೇಳುತ್ತಾ, ಗಂಟು ಹಾಕಿದ ಆ ಬಟ್ಟೆ ತನ್ನ ಹಿಂದೆ ಬಿತ್ತೇ ಎಂದು ಮಣ್ಣಿನ ಮೇಲೆ ಅಂಗೈ ಸವರಿ ನೋಡುತ್ತಿದ್ದೆವು.